ಕಾಗೆ ಎರಡನೇ ಸಲ ಬಂದಾಗ

ಹಿಂದಿನ ಸಂಚಿಕೆಯಲ್ಲಿ ಒಬ್ಬರು, 'ಊರೆಲ್ಲ ಬೈದರೂ ನಿಮಗೆ ಇಷ್ಟವಾದ ಒಂದು ಸಿನಿಮಾ ಹೇಳಿ' ಅಂತ ಕೇಳಿದ್ದರು. ನಾನು ಸುಮ್ಮನಿರಲಾರದೆ 1996ರ 'ದಿ ಕ್ರೋ: ಸಿಟಿ ಆಫ್ ಏಂಜಲ್ಸ್' ಅಂತ ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋದೆ. ಅದು ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಬೈದು ಬರೆದವರೇ ಜಾಸ್ತಿ. ಕೆಲವರು ಸಿನಿಮಾ ನೋಡಿ ಬೈದಿದ್ದಾರೆ, ಕೆಲವರು ನೋಡದೇ ಬೈದಿದ್ದಾರೆ. ಒಬ್ಬರಂತೂ ಅರ್ಧ ನೋಡಿ ಬೈದು, ಪೂರ್ತಿ ನೋಡಿದ ಮೇಲೆ ಇನ್ನೊಂದು ಪತ್ರ ಹಾಕಿ ಮತ್ತೆ ಬೈದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಸಿನಿಮಾಕ್ಕೇ. ಕಥೆಯನ್ನು ಕೊನೆಯವರೆಗೂ ಹೇಳಿಬಿಟ್ಟಿದ್ದೇನೆ. ನೋಡುವ ಮನಸ್ಸಿದ್ದವರು ನೋಡಿಕೊಂಡು ಬಂದು ಓದಿ.

ಪ್ರಶ್ನೆ: ಸರ್, ನಿಮ್ಮ ಮಾತು ನಂಬಿ ನೋಡಿದೆ. ಸತ್ತವನು ಎದ್ದು ಬರ್ತಾನೆ, ಕೊಂದವರನ್ನ ಒಬ್ಬೊಬ್ಬರನ್ನಾಗಿ ಮುಗಿಸ್ತಾನೆ, ಆಮೇಲೆ ವಾಪಸ್ ಹೋಗ್ತಾನೆ. ಮೊದಲ ಭಾಗದಲ್ಲೂ ಇದೇ ಕಥೆ. ಇದರಲ್ಲಿ ನಿಮಗೆ ಹೊಸದಾಗಿ ಏನು ಕಂಡಿತು?

ಕಾಗೆಯೊಂದು ಬಂದು ಸತ್ತವನನ್ನು ಸೇಡಿಗಾಗಿ ಎಬ್ಬಿಸುತ್ತದೆ, ಕಥೆಯ ಹಾದಿ ಅದೇ, ಒಪ್ಪಿದೆ. ಆದರೆ ಆ ಹಾದಿಯಲ್ಲಿ ನಡೆಯುವವನು ಬೇರೆ. 1994ರ ಮೊದಲ ಚಿತ್ರ 'ದಿ ಕ್ರೋ'ದಲ್ಲಿ ಎರಿಕ್ ಡ್ರೇವನ್ ಎದ್ದು ಬಂದಿದ್ದು ತಾನು ಮದುವೆಯಾಗಬೇಕಿದ್ದ ಹುಡುಗಿಗಾಗಿ. ಅವನು ರಾಕ್ ಹಾಡುಗಾರ. ಕೊಲ್ಲುವಾಗಲೂ ಕವಿತೆ ಹೇಳುತ್ತಾನೆ, ಜೋಕ್ ಮಾಡುತ್ತಾನೆ, ಛಾವಣಿ ಮೇಲೆ ಕೂತು ಗಿಟಾರ್ ಬಾರಿಸುತ್ತಾನೆ. ಎರಡನೆಯದರಲ್ಲಿ ಬರುವ ಆಶ್ ಕಾರ್ವೆನ್ ಒಬ್ಬ ಮೆಕ್ಯಾನಿಕ್. ಅವನಿಗೆ ಎಂಟು ವರ್ಷದ ಮಗ, ಹೆಸರು ಡ್ಯಾನಿ. ಲಾಸ್ ಏಂಜಲೀಸ್‌ನ ಡ್ರಗ್ಸ್ ದೊರೆ ಜೂಡಾ ಅರ್ಲ್‌ನ ಆಳುಗಳು ಒಂದು ಕೊಲೆ ಮಾಡುವುದನ್ನು ಅಪ್ಪ ಮಗ ಇಬ್ಬರೂ ನೋಡಿಬಿಡುತ್ತಾರೆ. ಅವರ ತಪ್ಪು ಅಷ್ಟೇ. ಇಬ್ಬರನ್ನೂ ಕೊಂದು ಬಂದರಿನ ನೀರಿಗೆ ಎಸೆಯುತ್ತಾರೆ.

ಅಲ್ಲಿಂದ ಮುಂದೆ ಬರುವ ಸೇಡಿನ ಬಣ್ಣವೇ ಬೇರೆ ಆಗಿಬಿಡುತ್ತದೆ. ಪ್ರೇಯಸಿಯನ್ನು ಕಳೆದುಕೊಂಡವನ ಸಿಟ್ಟಿನಲ್ಲಿ ಒಂದು ಠೀವಿ ಇರಬಹುದು. ಕಣ್ಣೆದುರೇ ಮಗನನ್ನು ಕಳೆದುಕೊಂಡವನಿಗೆ ಯಾವ ಠೀವಿ? ವಿನ್ಸೆಂಟ್ ಪೆರೆಜ್ ಈ ಪಾತ್ರವನ್ನು ಅರೆಹುಚ್ಚನ ಹಾಗೆ ಮಾಡಿದ್ದಾರೆ. ಕಿರುಚುತ್ತಾರೆ, ತೂರಾಡುತ್ತಾರೆ, ಕೆಲವು ಕಡೆ ಮಾತೇ ಸರಿಯಾಗಿ ಹೊರಡುವುದಿಲ್ಲ. ನೀರಿನಿಂದ ಎದ್ದವನನ್ನು ಮನೆಗೆ ಕರೆತಂದ ಸಾರಾ ಅನ್ನುವ ಹುಡುಗಿ 'ನೀನು ಸತ್ತು ಹೋಗಿದ್ದೀಯ' ಅಂತ ಹೇಳಿದಾಗ ಅವನು ಗಂಭೀರವಾಗಿ ಆಕಾಶ ನೋಡಿಕೊಂಡು ನಿಲ್ಲುವುದಿಲ್ಲ. ಬಾಗಿಲು ತೆಗೆದು ಕಿರುಚಿಕೊಂಡು ಓಡುತ್ತಾನೆ. ಓಡಿ ಓಡಿ ತನ್ನ ಮನೆಗೇ ಹೋಗುತ್ತಾನೆ. ಅಲ್ಲಿ ಎಲ್ಲಾ ನೆನಪಾಗುತ್ತದೆ. 'ಓವರ್ ಆಕ್ಟಿಂಗ್' ಅಂತ ಆಗ ವಿಮರ್ಶಕರು ಬರೆದರು, ನಿಮ್ಮಲ್ಲೂ ಮೂವರು ಅದನ್ನೇ ಬರೆದಿದ್ದೀರಿ. ಸತ್ತಿದ್ದೀಯ ಅಂತ ಹೇಳಿಸಿಕೊಂಡವನು ಎಷ್ಟು ಕಿರುಚಿದರೆ ಸರಿ ಅನ್ನುವುದಕ್ಕೆ ನನ್ನ ಹತ್ತಿರ ಅಳತೆಗೋಲು ಇಲ್ಲ.

ಮೊದಲ ಚಿತ್ರಕ್ಕಿಂತ ಇದು ಒಳ್ಳೆಯದು ಅಂತ ನಾನು ಎಲ್ಲೂ ಹೇಳಿಲ್ಲ. ಮೊದಲನೆಯದೇ ಮೇಲು, ಅದರಲ್ಲಿ ಅನುಮಾನ ಇಲ್ಲ. ಎರಡನೆಯದಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಗಲಿಲ್ಲ ಅನ್ನುವುದಷ್ಟೇ ನನ್ನ ತಕರಾರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೀರೇನೋ, ಆದರೆ ಈ ಹೆಗ್ಗಣವನ್ನು ನಾನೇನೂ ಹೆತ್ತಿಲ್ಲವಲ್ಲ.

ಪ್ರಶ್ನೆ: ಮೊದಲ ಭಾಗದ ಹೀರೋನನ್ನೇ ಮತ್ತೆ ಹಾಕಿಕೊಂಡಿದ್ದರೆ ಇಷ್ಟೆಲ್ಲ ಮಾತೇ ಬರುತ್ತಿರಲಿಲ್ಲ. ಯಾಕೆ ಬದಲಾಯಿಸಿದರು?

ಬದಲಾಯಿಸಿದ್ದಲ್ಲ. ಅವರು ಬದುಕಿರಲಿಲ್ಲ. ಹೊಸಬರಿಗೆ ಇದು ಗೊತ್ತಿಲ್ಲ ಅಂತ ಪತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲ ಚಿತ್ರದ ನಾಯಕ ಬ್ರ್ಯಾಂಡನ್ ಲೀ, ಬ್ರೂಸ್ ಲೀ ಅವರ ಮಗ. 1993ರ ಮಾರ್ಚ್ 31ರಂದು ಅಮೆರಿಕದ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಶೂಟಿಂಗ್ ಸೆಟ್‌ನಲ್ಲೇ ಅವರಿಗೆ ಗುಂಡು ತಗುಲಿ ತೀರಿಕೊಂಡರು. ಆಗ ವಯಸ್ಸು 28. ಚಿತ್ರೀಕರಣ ಮುಗಿಯಲು ಕೆಲವೇ ದಿನ ಬಾಕಿ ಇತ್ತು.

ಆಗಿದ್ದು ಹೀಗೆ. ರಿವಾಲ್ವರನ್ನು ಹತ್ತಿರದಿಂದ ತೋರಿಸುವ ಒಂದು ಶಾಟ್‌ಗೆ ಒಳಗೆ ತೋಟೆಗಳು ಕಾಣಬೇಕಿತ್ತು. ಅದಕ್ಕೆ ನಿಜವಾದ ತೋಟೆಗಳಿಂದಲೇ ಮದ್ದು ತೆಗೆದು ಡಮ್ಮಿ ಮಾಡಿದರು. ಮದ್ದು ತೆಗೆದರೂ ಹಿಂದೆ ಇರುವ ಕಿಡಿ ಹಚ್ಚುವ ಸಣ್ಣ ಪ್ರೈಮರ್ ಒಂದರಲ್ಲಿ ಹಾಗೇ ಉಳಿದುಬಿಟ್ಟಿತ್ತು. ಯಾವಾಗಲೋ ಕುದುರೆ ಎಳೆದಾಗ ಆ ಸಣ್ಣ ಸಿಡಿತಕ್ಕೆ ಗುಂಡು ಮುಂದೆ ಸರಿದು ನಳಿಗೆಯೊಳಗೆ ಸಿಕ್ಕಿಕೊಂಡಿತು. ಅದನ್ನು ಯಾರೂ ನೋಡಲಿಲ್ಲ. ಆಮೇಲೆ ಅದೇ ರಿವಾಲ್ವರಿಗೆ ಬರೀ ಸದ್ದು ಮಾಡುವ ಬ್ಲ್ಯಾಂಕ್ ತೋಟೆ ತುಂಬಿ, ಎದುರಿನಲ್ಲಿದ್ದ ನಟ ದೃಶ್ಯದಲ್ಲಿ ಇದ್ದ ಹಾಗೆ ಗುಂಡು ಹಾರಿಸಿದರು. ಬ್ಲ್ಯಾಂಕ್‌ನಲ್ಲಿ ಗುಂಡು ಇರುವುದಿಲ್ಲ, ಆದರೆ ಮದ್ದು ಇರುತ್ತದೆ. ಸಿಕ್ಕಿಕೊಂಡಿದ್ದ ಗುಂಡನ್ನು ಹೊರಗೆ ನೂಕಲು ಅಷ್ಟು ಸಾಕಾಯಿತು.

ಉಳಿದ ದೃಶ್ಯಗಳನ್ನು ಡೂಪ್ ಹಾಕಿ, ಕಂಪ್ಯೂಟರ್‌ನಲ್ಲಿ ಬ್ರ್ಯಾಂಡನ್ ಮುಖ ಕೂರಿಸಿ ಮುಗಿಸಿದರು. ಆ ಡೂಪ್ ಚಾಡ್ ಸ್ಟಾಹೆಲ್‌ಸ್ಕಿ. ಇಪ್ಪತ್ತು ವರ್ಷದ ನಂತರ 'ಜಾನ್ ವಿಕ್' ಅನ್ನುವ ಸೇಡಿನ ಸಿನಿಮಾ ಮಾಡಿ ಹೆಸರು ಮಾಡಿದ ನಿರ್ದೇಶಕ ಅವರೇ. ಚಿತ್ರ 1994ರ ಮೇ ತಿಂಗಳಲ್ಲಿ ಬಂತು. ಅಮೆರಿಕದಲ್ಲೇ 5 ಕೋಟಿ ಡಾಲರ್ ದಾಟಿತು. ಅಷ್ಟು ದುಡ್ಡು ಬಂದ ಮೇಲೆ ಇನ್ನೊಂದು ಮಾಡೋಣ ಅಂತ ಅನ್ನಿಸದೆ ಇರುತ್ತದೆಯೇ?

ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಎರಿಕ್ ಪಾತ್ರಕ್ಕೆ ಬೇರೆ ನಟನನ್ನು ತಂದು ನಿಲ್ಲಿಸಲಿಲ್ಲ. ಸತ್ತವನನ್ನು ಅವನ ಪಾಡಿಗೆ ಬಿಟ್ಟು, ಹೊಸ ಊರು, ಹೊಸ ಸಾವು, ಹೊಸ ಮನುಷ್ಯ ಅಂತ ಶುರು ಮಾಡಿದರು. ಮೊದಲ ಚಿತ್ರದಿಂದ ಬಂದಿದ್ದು ಸಾರಾ ಅನ್ನುವ ಹುಡುಗಿ, ಅವಳ ಹತ್ತಿರ ಇರುವ ಎರಿಕ್ ಕೊಟ್ಟ ಉಂಗುರ, ಮತ್ತೆ ಕಾಗೆ. ಆದರೆ ನೋಡಲು ಬಂದವರ ಕಣ್ಣಲ್ಲಿ ಬ್ರ್ಯಾಂಡನ್ ಲೀ ಇದ್ದರು. ಪೆರೆಜ್ ಏನು ಮಾಡಿದ್ದರೂ ಆ ಜಾಗ ತುಂಬುತ್ತಿರಲಿಲ್ಲ. ಪೆರೆಜ್ ಹೊಸಬರೇನೂ ಅಲ್ಲ. ಸ್ವಿಟ್ಜರ್ಲೆಂಡಿನವರು, 'ಕ್ವೀನ್ ಮಾರ್ಗೋ' ತರಹದ ಫ್ರೆಂಚ್ ಚಿತ್ರಗಳಲ್ಲಿ ಒಳ್ಳೆಯ ಹೆಸರಿತ್ತು. ಅವರ ಇಂಗ್ಲಿಷ್ ಉಚ್ಚಾರಣೆ ಕೇಳಿ ನಕ್ಕವರೂ ಇದ್ದರು. ಪಾಪ.

ಪ್ರಶ್ನೆ: ಸಿನಿಮಾ ಪೂರ್ತಿ ಹಳದಿ ಹಳದಿ ಕಾಣಿಸ್ತು. ನನ್ನ ಟಿವಿ ಹಾಳಾಗಿದೆಯೋ ಅಥವಾ ಅದು ಇರೋದೇ ಹಾಗೋ?

ಟಿವಿ ರಿಪೇರಿಯವರನ್ನು ಕರೆಸಬೇಡಿ. ಅದು ಇರುವುದೇ ಹಾಗೆ.

ನನಗೆ ಈ ಸಿನಿಮಾ ಹಿಡಿಸಲು ಅರ್ಧ ಕಾರಣವೇ ಆ ಹಳದಿ. ಮೊದಲ ಚಿತ್ರ ಕಪ್ಪು, ಮಳೆ, ಅಲ್ಲಿಷ್ಟು ಇಲ್ಲಿಷ್ಟು ಕೆಂಪು. ಡೆಟ್ರಾಯಿಟ್ ಊರು, ಬಿಡದೆ ಸುರಿಯುವ ನೀರು. ಎರಡನೆಯದಕ್ಕೂ ಕಪ್ಪು ಬಳಿದು ಮಳೆ ಸುರಿಸಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಬದಲಿಗೆ ಗಂಧಕದ ಹೊಗೆ ತುಂಬಿದ ಹಾಗೆ, ಕಾಮಾಲೆ ಹಿಡಿದ ಕಣ್ಣಿನಲ್ಲಿ ಊರು ನೋಡಿದ ಹಾಗೆ ಮಾಡಿದರು. ಗೋಡೆ ಹಳದಿ, ಗಾಳಿ ಹಳದಿ, ನೀರು ಕೊಳೆತ ಹಸಿರು. ಕ್ಯಾಮೆರಾ ಹಿಡಿದವರು ಫ್ರಾನ್ಸಿನ ಜಾನ್ ಈವ್ ಎಸ್ಕೋಫಿಯೇ. ಮರುವರ್ಷ 'ಗುಡ್ ವಿಲ್ ಹಂಟಿಂಗ್' ಚಿತ್ರ ತೆಗೆದವರೂ ಅವರೇ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಬ್ಬರದೇ ಕೈ ಅಂತ ನಂಬುವುದು ಕಷ್ಟ. ಕಲಾ ನಿರ್ದೇಶನ ಅಲೆಕ್ಸ್ ಮೆಕ್‌ಡವೆಲ್. ಮೊದಲ ಚಿತ್ರದ ಕಪ್ಪು ಊರು ಕಟ್ಟಿದ್ದವರೂ ಅವರೇ. ತಾವೇ ಕಟ್ಟಿದ್ದನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಊರು ಕಟ್ಟಿದರು.

ಇನ್ನೊಂದು ವಿಷಯ ಹೇಳಬೇಕು. ಲಾಸ್ ಏಂಜಲೀಸ್‌ನ ರಾತ್ರಿ ಆಗ ನಿಜವಾಗಿಯೂ ಕಿತ್ತಳೆ ಮಿಶ್ರಿತ ಹಳದಿಯಾಗಿಯೇ ಇತ್ತು. ಬೀದಿಗಳಲ್ಲೆಲ್ಲ ಸೋಡಿಯಂ ದೀಪ. 2009ರಿಂದ ಅಲ್ಲಿ ಅವುಗಳನ್ನು ತೆಗೆದು ಬಿಳಿ ಎಲ್‌ಇಡಿ ಹಾಕತೊಡಗಿದರು. ಹಳೆಯ ಸಿನಿಮಾಗಳಲ್ಲಿ ಕಾಣುವ ಆ ರಾತ್ರಿ ಈಗ ಆ ಊರಿನಲ್ಲಿ ಸಿಗುವುದು ಕಷ್ಟ. ಈ ಚಿತ್ರ ಆ ಬಣ್ಣವನ್ನೇ ಹಿಡಿದು ಹತ್ತು ಪಟ್ಟು ಜಾಸ್ತಿ ಮಾಡಿದೆ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ನಾನು ನೋಡಿದ ಕಾಪಿಯಲ್ಲಿ ಕಟ್ ಆಗಿತ್ತೋ ಏನೋ. ಇದ್ದಕ್ಕಿದ್ದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆ ಹಾರುತ್ತದೆ. ಕೊನೆಗೆ ಎಲ್ಲಾ ಗಡಿಬಿಡಿ. 84 ನಿಮಿಷಕ್ಕೇ ಮುಗಿದುಹೋಯಿತು.

ನಿಮ್ಮ ಕಾಪಿ ಸರಿಯಾಗಿಯೇ ಇದೆ. ಥಿಯೇಟರಿಗೆ ಬಂದಿದ್ದೇ ಅಷ್ಟು.

ನಿರ್ದೇಶಕ ಟಿಮ್ ಪೋಪ್ ಅವರಿಗೆ ಇದು ಮೊದಲ ಪೂರ್ಣ ಚಿತ್ರ. ಅದಕ್ಕೆ ಮೊದಲು ಮ್ಯೂಸಿಕ್ ವಿಡಿಯೋಗಳ ದೊಡ್ಡ ಹೆಸರು. 'ದಿ ಕ್ಯೂರ್' ಬ್ಯಾಂಡಿನ ವಿಡಿಯೋಗಳನ್ನು ವರ್ಷಗಟ್ಟಲೆ ಮಾಡಿದವರು. 1985ರ 'ಕ್ಲೋಸ್ ಟು ಮಿ' ಹಾಡಿನಲ್ಲಿ ಇಡೀ ಬ್ಯಾಂಡನ್ನು ಒಂದು ಬೀರುವಿನೊಳಗೆ ತುಂಬಿಸಿ, ಆ ಬೀರುವನ್ನು ಕಡಲ ಪಕ್ಕದ ಬಂಡೆ ಮೇಲಿಂದ ಕೆಳಗೆ ಉರುಳಿಸಿ, ಒಳಗೆ ನೀರು ನುಗ್ಗಿಸಿದ ಪುಣ್ಯಾತ್ಮ. ಹನ್ನೊಂದು ವರ್ಷದ ನಂತರ ಆಶ್‌ನನ್ನು ಅದೇ ತರಹ ನೀರಿನಡಿಯಿಂದ ಉಸಿರುಗಟ್ಟಿ ಒದ್ದಾಡಿಸಿ ಮೇಲೆ ತಂದಿದ್ದಾರೆ. ಕೆಲವರಿಗೆ ಒಂದು ಚಿತ್ರ ತಲೆಯಲ್ಲಿ ಕೂತರೆ ಏಳುವುದೇ ಇಲ್ಲ. ಕಥೆ ಬರೆದವರು ಡೇವಿಡ್ ಗೋಯರ್. ಆಮೇಲೆ 'ಬ್ಲೇಡ್', 'ಬ್ಯಾಟ್‌ಮನ್ ಬಿಗಿನ್ಸ್' ಬರೆದವರು. ಕೈಲಾಗದವರ ಕೆಲಸ ಅಂತೂ ಅಲ್ಲ ಇದು.

ಅವರಿಬ್ಬರಿಗೂ ಬೇಕಾಗಿದ್ದು ಮೊದಲ ಚಿತ್ರಕ್ಕಿಂತ ಬೇರೆಯದು. ದುಡ್ಡು ಹಾಕಿದ ಮಿರಾಮ್ಯಾಕ್ಸ್‌ಗೆ ಬೇಕಾಗಿದ್ದು ಮೊದಲ ಚಿತ್ರದ ಹಾಗೇ ಇರುವುದು. ತೆಗೆದಾದ ಮೇಲೆ ಕತ್ತರಿ ಕೈಗೆ ಬಂದಿದ್ದು ದುಡ್ಡಿನವರಿಗೆ. ಮೊದಲ ಚಿತ್ರವನ್ನು ಹೋಲುವ ಹಾಗೆ ಮತ್ತೆ ಜೋಡಿಸಿದರು. ಹೋಲದಿದ್ದದ್ದು ಹೊರಗೆ ಹೋಯಿತು. ನಿರ್ದೇಶಕರು, ಬರಹಗಾರರು ಇಬ್ಬರೂ 'ಇದು ನಮ್ಮದಲ್ಲ' ಅಂತ ಕೈ ತೊಳೆದುಕೊಂಡರು.

ತಮಾಷೆ ಅಂದರೆ, ಮೊದಲ ಚಿತ್ರದ ಹಾಗೆ ಮಾಡಿ ಅಂತ ಕತ್ತರಿಸಿದರು, ಆಮೇಲೆ ಜನ 'ಇದೇನು ಮೊದಲ ಚಿತ್ರದ ನಕಲು' ಅಂತ ಬೈದರು. ಬೈಸಿಕೊಂಡಿದ್ದು ಮಾತ್ರ ಪೋಪ್ ಮತ್ತು ಪೆರೆಜ್. 1996ರ ಆಗಸ್ಟ್ 30ಕ್ಕೆ ಬಂದ ಚಿತ್ರ ಮೊದಲ ವಾರಾಂತ್ಯ ಅಮೆರಿಕದ ಗಳಿಕೆಯಲ್ಲಿ ಮೊದಲ ಜಾಗದಲ್ಲೇ ಇತ್ತು. ಆಮೇಲೆ ಬಾಯಿಂದ ಬಾಯಿಗೆ ಮಾತು ಹರಡಿ ಇಳಿದುಹೋಯಿತು. 1.3 ಕೋಟಿ ಡಾಲರ್ ಹಾಕಿದ್ದರು, ಅಮೆರಿಕದಲ್ಲಿ ಬಂದಿದ್ದು ಸುಮಾರು 1.8 ಕೋಟಿ.

ಮೂಲ ಯೋಚನೆಯ ಕೊನೆ ಕೇಳಿ. ಆಶ್ ಕೆಲಸ ಮುಗಿಸಿ ಮಗನ ಹತ್ತಿರ ಹೋಗಿಬಿಡಬಹುದಿತ್ತು. ಆದರೆ ಸಾರಾಳನ್ನು ಉಳಿಸಲು ವಾಪಸ್ ತಿರುಗುತ್ತಾನೆ. ಹಾಗೆ ತಿರುಗಿದ್ದಕ್ಕೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಾಯಲೂ ಆಗದೆ ಬದುಕಲೂ ಆಗದೆ ಭೂಮಿ ಮೇಲೆ ಅಲೆಯುತ್ತಾ ಉಳಿಯುತ್ತಾನೆ. ಮಗನಿಗೋಸ್ಕರ ಎದ್ದು ಬಂದವನು ಕೊನೆಗೆ ಮಗನನ್ನೇ ಬಿಟ್ಟುಕೊಡಬೇಕಾಗುತ್ತದೆ. ಇದನ್ನು ಓದಿದ ದಿನದಿಂದ ನನಗೆ ಥಿಯೇಟರಿಗೆ ಬಂದ ಕೊನೆ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಲ್ಲಿ ಎಲ್ಲರೂ ನೆಮ್ಮದಿಯಾಗಿ ಸಾಯುತ್ತಾರೆ.

ಪ್ರಶ್ನೆ: ಕಪ್ಪು ಬಟ್ಟೆ ಹಾಕಿಕೊಂಡು ಬೈಕ್ ಓಡಿಸುವ ಆ ಸಣಕಲ ವಿಲನ್ ಯಾರು? ಎಲ್ಲೋ ನೋಡಿದ ಹಾಗಿದೆ.

ಇಗ್ಗಿ ಪಾಪ್. ನಟನಿಗಿಂತ ಹಾಡುಗಾರನಾಗಿಯೇ ಪ್ರಸಿದ್ಧ, ಪಂಕ್ ಸಂಗೀತದ ಹಿರಿಯಣ್ಣ. ಪಾತ್ರದ ಹೆಸರು ಕರ್ವ್. ಜೂಡಾನ ಬಲಗೈ. ವೇದಿಕೆ ಮೇಲೆ ಮೈ ತಿರುಚುತ್ತಿದ್ದ ಹಾಗೆಯೇ ಇಲ್ಲೂ ತಿರುಚುತ್ತಾ ನಿಲ್ಲುತ್ತಾರೆ. ನೋಡುವುದಕ್ಕೆ ಮಜಾ.

ಉಳಿದವರನ್ನೂ ಹೇಳಿಬಿಡುತ್ತೇನೆ, ಈ ತರಹದ ಪ್ರಶ್ನೆ ನಾಲ್ಕು ಬಂದಿವೆ. ನೀಮೋ ಪಾತ್ರದ ಥಾಮಸ್ ಜೇನ್, 2004ರಲ್ಲಿ 'ದಿ ಪನಿಶರ್' ಆದರು. ಅಲ್ಲಿ ಅವರ ಹೆಂಡತಿ ಮಗನನ್ನು ಕೊಲ್ಲುತ್ತಾರೆ, ಇವರು ಸೇಡು ತೀರಿಸಿಕೊಳ್ಳುತ್ತಾರೆ. ಇಲ್ಲಿ ಮಗನನ್ನು ಕೊಂದವರ ಗುಂಪಿನಲ್ಲಿ ಇದ್ದರು. ಕಾಲ ಚಕ್ರ! ಕಾಲಿ ಅನ್ನುವ ಕೊಲೆಗಾತಿಯಾಗಿ ಥುಯ್ ಟ್ರಾಂಗ್. 'ಪವರ್ ರೇಂಜರ್ಸ್' ನೋಡಿ ಬೆಳೆದವರಿಗೆ ಹಳದಿ ರೇಂಜರ್ ಅಂದರೆ ತಕ್ಷಣ ಗೊತ್ತಾಗುತ್ತದೆ. 2001ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, 27 ವರ್ಷಕ್ಕೇ. ಟ್ಯಾಟೂ ಅಂಗಡಿಯ ಯಜಮಾನ ನೋವಾ ಆಗಿ ಬರುವ ಇಯಾನ್ ಡ್ಯೂರಿ ಕೂಡ ಹಾಡುಗಾರರೇ, ಇಂಗ್ಲೆಂಡಿನವರು. ನಿರ್ದೇಶಕರು ಸಂಗೀತದ ಕಡೆಯವರಾದರೆ ಹೀಗೇ, ಸ್ನೇಹಿತರನ್ನೆಲ್ಲ ಕರೆದುಕೊಂಡು ಬರುತ್ತಾರೆ.

ಪ್ರಶ್ನೆ: ಹಾಡುಗಳು ಮಾತ್ರ ಚೆನ್ನಾಗಿವೆ ಅಂತ ನನ್ನ ಅಭಿಪ್ರಾಯ. ಸಿನಿಮಾ ಬಿಟ್ಟು ಆಲ್ಬಂ ಮಾತ್ರ ಕೇಳಿದರೆ ಆಗುತ್ತಾ?

ಧಾರಾಳವಾಗಿ. ಹೋಲ್ ಬ್ಯಾಂಡ್ ಹಾಡಿದ 'ಗೋಲ್ಡ್ ಡಸ್ಟ್ ವುಮನ್' ಮೊದಲು ಕೇಳಿ. ಮೂಲ ಹಾಡು ಫ್ಲೀಟ್‌ವುಡ್ ಮ್ಯಾಕ್ ಅವರದು, 1977ರದು. ಡೆಫ್‌ಟೋನ್ಸ್ ಇದ್ದಾರೆ, ಕಾರ್ನ್ ಇದ್ದಾರೆ, ಪಿ.ಜೆ. ಹಾರ್ವಿ ಇದ್ದಾರೆ. ಆದರೆ ಆಲ್ಬಂನಲ್ಲಿ ಸಿಗದ ಒಂದು ಸಂಗತಿ ಇದೆ, ಗ್ರೇಮ್ ರೆವೆಲ್ ಅವರ ಹಿನ್ನೆಲೆ ಸಂಗೀತ. ಎರಡೂ ಚಿತ್ರಗಳಿಗೆ ಅವರದೇ. ಅದಕ್ಕೆ ಸಿನಿಮಾನೇ ನೋಡಬೇಕು, ಇಲ್ಲ ಅದರ ಆಲ್ಬಂ ಬೇರೆ ಹುಡುಕಬೇಕು.

ಪ್ರಶ್ನೆ: ಸಾರಾ ಪಾತ್ರಕ್ಕೆ ಮಾಡಿದ್ದು ಅನ್ಯಾಯ. ಮೊದಲ ಚಿತ್ರದಲ್ಲಿ ಬದುಕಿ ಉಳಿದ ಪುಟ್ಟ ಹುಡುಗಿ ಅವಳು. ಎರಡನೆಯದರಲ್ಲಿ ಅವಳನ್ನು ಸಾಯಿಸುವುದಕ್ಕೇ ದೊಡ್ಡವಳನ್ನಾಗಿ ಮಾಡಿದರಾ? ನಿಮಗೆ ಸಿಟ್ಟು ಬರಲಿಲ್ವಾ?

ಬಂತು. ಈ ರಾಶಿಯಲ್ಲಿ ನನಗೆ ತುಂಬಾ ಹಿಡಿಸಿದ ಪತ್ರ ನಿಮ್ಮದು. ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ಮೊದಲ ಚಿತ್ರದ ಸಾರಾ ಸ್ಕೇಟ್‌ಬೋರ್ಡ್ ಹಿಡಿದು ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗಿ. ಅವಳ ಪಾಲಿಗೆ ಎರಿಕ್ ಮತ್ತು ಅವನು ಮದುವೆಯಾಗಬೇಕಿದ್ದ ಶೆಲ್ಲಿ ಅಪ್ಪ ಅಮ್ಮನಿಗಿಂತ ಹೆಚ್ಚು. ಎಲ್ಲಾ ಮುಗಿದ ಮೇಲೆ ಉಳಿದಿದ್ದು ಅವಳೊಬ್ಬಳು. ಎರಡನೆಯದರಲ್ಲಿ ಮಿಯಾ ಕರ್ಶ್ನರ್ ಮಾಡಿದ ಸಾರಾ ಹಗಲು ಟ್ಯಾಟೂ ಹಾಕುತ್ತಾಳೆ, ರಾತ್ರಿ ಕೋಣೆಯಲ್ಲಿ ಕೂತು ಸಾವು, ಮರುಹುಟ್ಟು ಅಂತ ವಿಚಿತ್ರ ಚಿತ್ರಗಳನ್ನು ಬಿಡಿಸುತ್ತಾಳೆ. ಗೊತ್ತಿಲ್ಲದ ಒಬ್ಬ ಅಪ್ಪ ಮತ್ತು ಮಗ ಅವಳ ಕನಸಿನಲ್ಲಿ ಬರುತ್ತಾರೆ. ಒಂದು ಸಂಜೆ ಅವಳು ಎರಿಕ್‌ನ ಉಂಗುರ ನೋಡುತ್ತಾ ಕೂತಿದ್ದಾಗ ಕಾಗೆ ಬರುತ್ತದೆ.

ಅವಳಿಗೆ ಭಯ ಆಗುವುದಿಲ್ಲ. ಇದೇ ನನಗೆ ಇಡೀ ಸಿನಿಮಾದ ಬೀಗದ ಕೈ. ಬೇರೆ ಯಾರೇ ಆಗಿದ್ದರೂ ಕಿಟಕಿ ಹಾಕಿಕೊಳ್ಳುತ್ತಿದ್ದರು. ಇವಳು ಆ ಹಕ್ಕಿಯ ಹಿಂದೆ ಬಂದರಿಗೆ ನಡೆದು ಹೋಗುತ್ತಾಳೆ. ಮುಂದೆ ಏನು ಆಗುತ್ತದೆ ಅಂತ ಜಗತ್ತಿನಲ್ಲಿ ಗೊತ್ತಿರುವುದು ಅವಳೊಬ್ಬಳಿಗೇ. ಚಿಕ್ಕವಳಿದ್ದಾಗ ನೋಡಿದ್ದಾಳಲ್ಲ. ಸತ್ತವನು ಎದ್ದು ಬರುವುದನ್ನು, ಪ್ರೀತಿಸಿದವನು ಎರಡನೇ ಸಲ ಬಿಟ್ಟು ಹೋಗುವುದನ್ನು ಒಮ್ಮೆ ನೋಡಿದ ಮಗು ಬೆಳೆದು ಹೇಗಾಗುತ್ತದೆ? ಸೇಡಿನ ಸಿನಿಮಾಗಳು ಈ ಪ್ರಶ್ನೆ ಕೇಳುವುದೇ ಇಲ್ಲ. ಸೇಡು ಮುಗಿಯಿತು, ಹೆಸರುಗಳು ಬಂದವು, ಲೈಟ್ ಹಾಕಿದರು, ಮನೆಗೆ ಹೋಗಿ. ಇದೊಂದು ಕೇಳಿತು. ಅವಳು ಸರಿಹೋಗಿಲ್ಲ ಅಂತ ತೋರಿಸಿತು. ಅವಳ ಕೋಣೆ ತುಂಬಾ ಸಾವೇ ಇದೆ.

ಹಾಗಾಗಿ ಕೊನೆಗೆ ಜೂಡಾ ಅವಳನ್ನು ಚುಚ್ಚುತ್ತಾನಲ್ಲ, ಅದು ಬರೀ ನಾಯಕನನ್ನು ಕೆರಳಿಸಲು ಒಬ್ಬ ಹೆಂಗಸನ್ನು ಸಾಯಿಸಿದ್ದು ಅಂತ ನೀವು ಹೇಳಿದರೆ ನಾನು ಪೂರ್ತಿ ಅಲ್ಲ ಅನ್ನಲಾರೆ. ಆದರೆ ನೋಡಿ, ಜೂಡಾನ ಹಣೆಗೆ ಚಾಕು ಹಾಕುವವಳು ಅವಳೇ. ಆಶ್ ಸೋತು ಬಿದ್ದಿರುತ್ತಾನೆ. ಆಶ್‌ಗೆ ಬಲ ಕೊಡುತ್ತಿದ್ದ ಕಾಗೆಯನ್ನು ಕೊಂದು ಅದರ ರಕ್ತ ಕುಡಿದು ಜೂಡಾ ಆ ಶಕ್ತಿಯನ್ನೆಲ್ಲ ತಾನು ಎಳೆದುಕೊಂಡಿರುತ್ತಾನೆ. ಆಗ ಮುಂದೆ ಬರುವುದು ಸಾರಾ. ಆಶ್‌ಗೆ ಬೀಳಬೇಕಿದ್ದ ಏಟಿಗೆ ಅಡ್ಡ ಬಂದು ನಿಲ್ಲುವುದೂ ಅವಳೇ. ಸತ್ತಾಗ ಆಶ್‌ನ ತೋಳಿನಲ್ಲಿ ಅವಳು ಮಲಗಿದ ಭಂಗಿ ಅವಳೇ ಬರೆದಿದ್ದ ಒಂದು ಚಿತ್ರದ ಹಾಗೆ ಇರುತ್ತದೆ. ಅಂದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದರಿಗೆ ಹೋಗಿದ್ದಳು.

ಅದರಿಂದ ನಿಮ್ಮ ಸಿಟ್ಟು ಇಳಿಯಬೇಕಿಲ್ಲ. ನನ್ನದೂ ಪೂರ್ತಿ ಇಳಿದಿಲ್ಲ. ಅವಳು ಬದುಕಿ, ಮೂರನೇ ಸಲ ಇನ್ಯಾರಿಗೋ ಬಾಗಿಲು ತೆರೆಯುವ ಸಿನಿಮಾ ಬರಬೇಕಿತ್ತು.

ಪ್ರಶ್ನೆ: ವಿಲನ್ ಜೂಡಾ ಅರ್ಲ್ ಬಗ್ಗೆ ಏನೂ ಹೇಳಲಿಲ್ಲ?

ಹೇಳಲು ಜಾಸ್ತಿ ಇಲ್ಲ. ರಿಚರ್ಡ್ ಬ್ರೂಕ್ಸ್ ಒಳ್ಳೆಯ ನಟ, ಪಾತ್ರ ಪೊಳ್ಳು. ಗಂಟಲು ಇಳಿಸಿ ಮಾತಾಡುತ್ತಾನೆ, ಕುರುಡಿ ಜ್ಯೋತಿಷಿಯ ಕೈಲಿ ಭವಿಷ್ಯ ಕೇಳುತ್ತಾನೆ, ಗಳಿಗೆಗೊಮ್ಮೆ ಸಾವಿನ ಬಗ್ಗೆ ಭಾಷಣ ಬಿಗಿಯುತ್ತಾನೆ. ಅವನ ಕೊನೆ ಮಾತ್ರ ಚೆನ್ನಾಗಿದೆ. ಒಂದು ಕಾಗೆ ಕೊಂದು ಗೆದ್ದೆ ಅಂದುಕೊಂಡವನ ಮೇಲೆ ಕಾಗೆಗಳ ಹಿಂಡೇ ಬಂದು ಎರಗುತ್ತದೆ.

ಪ್ರಶ್ನೆ: ನನ್ನ ಮಗನಿಗೆ ಸೂಪರ್‌ಹೀರೋ ಸಿನಿಮಾ ಅಂದರೆ ಪ್ರಾಣ. ವಯಸ್ಸು ಹತ್ತು. ಇದನ್ನ ತೋರಿಸಬಹುದಾ?

ಬೇಡ. ಕಾಮಿಕ್ಸ್‌ನಿಂದ ಬಂದದ್ದು ಅನ್ನುವ ಒಂದೇ ಕಾರಣಕ್ಕೆ ಮಕ್ಕಳ ಸಿನಿಮಾ ಅಲ್ಲ ಇದು. ಅಮೆರಿಕದಲ್ಲೇ ಇದಕ್ಕೆ ಆರ್ ರೇಟಿಂಗ್, ಅಂದರೆ 17 ವರ್ಷದೊಳಗಿನವರು ದೊಡ್ಡವರ ಜೊತೆ ಮಾತ್ರ ನೋಡಬಹುದು. ರಕ್ತ ಇದೆ, ಡ್ರಗ್ಸ್ ಇದೆ, ಮಗುವನ್ನು ಕೊಲ್ಲುವುದಿದೆ. ಮೂಲ ಕಾಮಿಕ್ಸ್ ಬರೆದ ಜೇಮ್ಸ್ ಓಬಾರ್, ಕುಡಿದು ಗಾಡಿ ಓಡಿಸಿದವನೊಬ್ಬನಿಂದ ತಮ್ಮ ಪ್ರೇಯಸಿಯನ್ನು ಕಳೆದುಕೊಂಡ ಮೇಲೆ ಆ ಸಂಕಟ ತಡೆಯಲಾಗದೆ ಅದನ್ನು ಬರೆಯತೊಡಗಿದವರು. 1989ರಲ್ಲಿ ಅಚ್ಚಾಯಿತು. ಹತ್ತು ವರ್ಷದ ಹುಡುಗನಿಗೆ ಅದರಲ್ಲಿ ಏನಿದೆ ಹೇಳಿ.

ಪ್ರಶ್ನೆ: ಇದಾದ ಮೇಲೆ ಬಂದ ಭಾಗಗಳನ್ನೂ ನೋಡಬೇಕಾ?

2000ದಲ್ಲಿ 'ಸಾಲ್ವೇಷನ್', 2005ರಲ್ಲಿ 'ವಿಕೆಡ್ ಪ್ರೇಯರ್' ಬಂದವು. ಮೊದಲನೆಯದನ್ನು ಮಳೆ ಬರುವ ದಿನ ಬೇರೆ ಕೆಲಸ ಇಲ್ಲದಿದ್ದರೆ ನೋಡಿ. ಎರಡನೆಯದನ್ನು ಮಳೆ ಬಂದರೂ ನೋಡಬೇಡಿ. 2024ರಲ್ಲಿ ಎರಿಕ್ ಕಥೆಯನ್ನೇ ಹೊಸದಾಗಿ ಮಾಡಿದರು, ಬಿಲ್ ಸ್ಕಾರ್ಸ್‌ಗಾರ್ಡ್ ನಾಯಕ. 1996ರಲ್ಲಿ ಮಾಡದೆ ಬಿಟ್ಟ ತಪ್ಪನ್ನು ಆಗ ಮಾಡಿದರು. ಸತ್ತವನ ಜಾಗಕ್ಕೆ ಇನ್ನೊಬ್ಬನನ್ನು ತಂದು ನಿಲ್ಲಿಸಿದರು.

ಪ್ರಶ್ನೆ: ಪೂರ್ತಿ ನೋಡುವ ತಾಳ್ಮೆ ನನಗಿಲ್ಲ. ಒಂದೇ ಒಂದು ದೃಶ್ಯ ಹೇಳಿ. ಅದು ಹಿಡಿಸಿದರೆ ಉಳಿದದ್ದು ನೋಡ್ತೀನಿ.

ಹೀಗೆ ಕೇಳಿದರೆ ಸುಲಭ. ಕರ್ವ್ ಸಾಯುವ ದೃಶ್ಯ.

ಅದಕ್ಕೆ ಮುಂಚಿನ ಸಾವುಗಳಲ್ಲೆಲ್ಲ ಕಾಗೆಯ ಗುರುತು ಒಂದೊಂದು ತರಹ ಬಿಟ್ಟು ಬಂದಿರುತ್ತಾನೆ ಆಶ್. ನೀಮೋ ಬಾಯಲ್ಲಿ ಕಾಗದದ ಕಾಗೆ. ಕಾಲಿ ಕಿಟಕಿಯಿಂದ ಬಿದ್ದಲ್ಲಿ ರಕ್ತವೇ ಕಾಗೆಯ ಆಕಾರದಲ್ಲಿ ಹರಡುತ್ತದೆ. ನೋಡುತ್ತಾ ನೋಡುತ್ತಾ ಇದೊಂದು ಲೆಕ್ಕ ಅನ್ನಿಸತೊಡಗುತ್ತದೆ, ಮುಂದಿನದು ಹೇಗೆ ಅಂತ ನಾವೂ ಕಾಯುತ್ತೇವೆ. ಆಮೇಲೆ ಕರ್ವ್. ಇಬ್ಬರೂ ಬೈಕಿನಲ್ಲಿ. ಆಶ್ ಹಾರಿಸಿದ ಗುಂಡಿಗೆ ಕರ್ವ್‌ನ ಬೈಕ್ ಸ್ಫೋಟವಾಗಿ ಅವನು ರಸ್ತೆಗೆ ಬೀಳುತ್ತಾನೆ. ಇನ್ನೂ ಜೀವ ಇದೆ. ಆಶ್ ಅವನನ್ನು ಎಳೆದುಕೊಂಡು ನದಿಗೆ ಹೋಗುತ್ತಾನೆ, ನೀರಿನಲ್ಲಿ ತೇಲಿ ಬಿಡುತ್ತಾನೆ.

ಆ ಹೊತ್ತಿಗೆ ಊರಿನಲ್ಲಿ ಸತ್ತವರ ಹಬ್ಬ. ಮೆಕ್ಸಿಕೋ ಮೂಲದವರು ನವೆಂಬರ್ ಮೊದಲ ಎರಡು ದಿನ ಆಚರಿಸುತ್ತಾರಲ್ಲ, ತೀರಿಹೋದವರನ್ನು ಮನೆಗೆ ಕರೆಯುವ ಹಬ್ಬ, ಅದು. ಮೊದಲ ಚಿತ್ರ ಅಕ್ಟೋಬರ್ 30ರ ರಾತ್ರಿಯದು, ಬೆಂಕಿ ಹಚ್ಚುವ ಪುಂಡರ ರಾತ್ರಿ. ಅಲ್ಲಿಂದ ಎರಡು ದಿನ ಮುಂದಕ್ಕೆ ಸರಿದು ಈ ಹಬ್ಬಕ್ಕೆ ಬಂದು ನಿಂತಿದ್ದಾರೆ. ಹಬ್ಬಕ್ಕೆ ಬಂದ ಜನ ಮೇಲಿನಿಂದ ನೀರಿಗೆ ಹೂವಿನ ಎಸಳು ಸುರಿಯುತ್ತಾರೆ. ಆ ಎಸಳುಗಳು ಅವನ ಸುತ್ತ ಕಾಗೆಯ ಆಕಾರದಲ್ಲಿ ಕೂಡಿಕೊಳ್ಳುತ್ತವೆ.

ಆಶ್ ಈ ಸಲ ಗುರುತು ಬಿಡಿಸಲಿಲ್ಲ. ಜನ ಬಿಡಿಸಿದರು, ತಮಗೇ ಗೊತ್ತಿಲ್ಲದೆ. ಯಾರಿಗೋ, ಅವರವರ ಮನೆಯ ಸತ್ತವರಿಗೆ ಅಂತ ಹಾಕಿದ ಹೂವು ಒಬ್ಬ ಕೊಲೆಗಾರನ ಮೈ ಮೇಲೆ ಬಿತ್ತು. ನನಗೆ ಪ್ರತಿ ಸಲವೂ ಒಂದು ಕ್ಷಣ ಆ ಕರ್ವ್‌ನ ಮೇಲೂ ಅಯ್ಯೋ ಅನ್ನಿಸಿಬಿಡುತ್ತದೆ. ಸೇಡಿನ ಸಿನಿಮಾದಲ್ಲಿ ಹಾಗೆ ಅನ್ನಿಸಬಾರದು.

ಪ್ರಶ್ನೆ: ಕೊನೇ ಪ್ರಶ್ನೆ ನಂದು. ನೀವು ಇದನ್ನ ಎಷ್ಟು ಸಲ ನೋಡಿದ್ದೀರಿ, ನಿಜ ಹೇಳಿ.

ಐದು. ಮೊದಲ ಸಲ ರಾತ್ರಿ ಹೊತ್ತು ಟಿವಿಯಲ್ಲಿ, ಅದೂ ಶುರುವಾಗಿ ಹದಿನೈದು ನಿಮಿಷ ಆದ ಮೇಲೆ. ಸಾರಾಳ ಮಾತೂ ತಪ್ಪಿತ್ತು, ಕಾಗೆ ಬಂದಿದ್ದೂ ತಪ್ಪಿತ್ತು. ಟಿವಿ ಹಾಕಿದಾಗ ಒಬ್ಬ ಒದ್ದೆ ಮನುಷ್ಯ ಕಿರುಚಿಕೊಂಡು ಬೀದಿಯಲ್ಲಿ ಓಡುತ್ತಿದ್ದ. ಯಾರು, ಯಾಕೆ, ಏನೂ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇಬ್ಬರೂ ಒಟ್ಟಿಗೇ ಅವನ ಮನೆಗೆ ಹೋದೆವು.